ಪ್ರೆಸ್ಟನ್ ತಂಡ ಇಡೀ ಋತು ಸೋಲಲೇ ಇಲ್ಲ, ಅದು ಹೇಗೆ?

2024ರ ಮೇ 18ರಂದು ಜರ್ಮನಿಯ ಬಾಯರ್ ಲೆವರ್ಕುಸೆನ್ ತಂಡವು ಬುಂಡೆಸ್‌ಲಿಗಾದ 34 ಪಂದ್ಯಗಳನ್ನೂ ಸೋಲಿಲ್ಲದೆ ಮುಗಿಸಿತು. ಅದಕ್ಕೂ 20 ವರ್ಷ ಮೊದಲು, 2003–04ರಲ್ಲಿ, ಲಂಡನ್ನಿನ ಆರ್ಸೆನಲ್ ತಂಡವು ಪ್ರೀಮಿಯರ್ ಲೀಗ್‌ನ 38 ಪಂದ್ಯಗಳಲ್ಲಿ 26 ಗೆದ್ದು, 12 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಶಸ್ತಿ ಪಡೆದಿತ್ತು. ಇಂಥ ಸಾಧನೆಯ ಸುದ್ದಿ ಬಂದಾಗಲೆಲ್ಲ ಅಂಕಿ-ಅಂಶಗಳ ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ಹೆಸರು ಕಾಣಿಸುತ್ತದೆ: ಪ್ರೆಸ್ಟನ್ ನಾರ್ತ್ ಎಂಡ್, 1888–89. ನಮ್ಮಲ್ಲಿ ರಾತ್ರಿ ನಿದ್ದೆಗೆಟ್ಟು ಯುರೋಪಿನ ಫುಟ್‌ಬಾಲ್ ನೋಡುವವರಲ್ಲಿ ಅನೇಕರಿಗೆ ಈ ಹೆಸರು ಆ ಪಟ್ಟಿಯಿಂದಾಚೆಗೆ ಅಪರಿಚಿತ. ಆ ತಂಡ ಈಗ ಇಂಗ್ಲೆಂಡಿನ ಅತ್ಯುನ್ನತ ಲೀಗ್‌ನಲ್ಲಿಲ್ಲ, ಟಿವಿಯಲ್ಲಿ ಕಾಣಸಿಗುವುದೂ ಅಪರೂಪ.

ಆದರೂ ಇಂಗ್ಲೆಂಡಿನಲ್ಲಿ ಒಂದೇ ಋತುವಿನಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಒಂದೇ ಒಂದು ಸೋಲಿಲ್ಲದೆ ಗೆದ್ದ ತಂಡ ಇಂದಿಗೂ ಇದೊಂದೇ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಹತ್ತಿ ಗಿರಣಿಗಳ ಊರೊಂದರಲ್ಲಿ ಇಂಥ ತಂಡ ಹೇಗೆ ಬೆಳೆಯಿತು, ಅದರ ಬಲ ಯಾವುದರಲ್ಲಿತ್ತು, ಅಷ್ಟು ದೊಡ್ಡ ತಂಡ ಕೆಲವೇ ವರ್ಷಗಳಲ್ಲಿ ಏಕೆ ಹಿಂದೆ ಬಿತ್ತು ಎಂಬುದನ್ನು ಇಲ್ಲಿ ಮೊದಲಿನಿಂದ ನೋಡೋಣ. ಆಟಗಾರರಿಗೆ ಸಂಬಳ ಕೊಡಬಹುದೇ ಕೂಡದೇ ಎಂಬ ಜಗಳವನ್ನು ಬಿಟ್ಟು ಈ ತಂಡದ ಕಥೆಯನ್ನು ಹೇಳಲಾಗದು ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ಕಪ್ ಬೇರೆ, ಲೀಗ್ ಬೇರೆ

ಕಪ್ ಎಂದರೆ ನಾಕೌಟ್ ಸ್ಪರ್ಧೆ. ನಮ್ಮ ಊರುಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ನಡೆಯುವ ಕಬಡ್ಡಿ ಟೂರ್ನಿಯಂತೆ, ಸೋತವರು ಅಲ್ಲಿಗೇ ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಇಂಗ್ಲೆಂಡಿನ ಎಫ್‌ಎ ಕಪ್ 1871–72ರಲ್ಲಿ ಆರಂಭವಾಯಿತು. ಎಫ್‌ಎ ಎಂದರೆ ಫುಟ್‌ಬಾಲ್ ಅಸೋಸಿಯೇಷನ್. ಆಟದ ನಿಯಮಗಳನ್ನು ಒಂದೇ ರೀತಿಯಾಗಿಸಲು 1863ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆ ಅದು.

ಲೀಗ್ ಎಂದರೆ ಎಲ್ಲರೂ ಎಲ್ಲರೊಡನೆ ಆಡುವ ಸ್ಪರ್ಧೆ. ಪ್ರತಿ ತಂಡವೂ ಉಳಿದ ಪ್ರತಿ ತಂಡದ ಎದುರು ಒಮ್ಮೆ ತನ್ನ ಮೈದಾನದಲ್ಲಿ, ಇನ್ನೊಮ್ಮೆ ಎದುರಾಳಿಯ ಮೈದಾನದಲ್ಲಿ ಆಡುತ್ತದೆ. ಗೆಲುವಿಗೂ ಡ್ರಾಗೂ ಅಂಕಗಳಿದ್ದು, ಕೊನೆಯಲ್ಲಿ ಹೆಚ್ಚು ಅಂಕ ಪಡೆದ ತಂಡವೇ ಚಾಂಪಿಯನ್. ಕಪ್ಪಿನಲ್ಲಿ ಒಂದು ದಿನದ ಅದೃಷ್ಟಕ್ಕೆ ಜಾಗವಿದೆ. ಲೀಗ್‌ನಲ್ಲಿ ತಿಂಗಳುಗಟ್ಟಲೆ ಮಳೆ, ಕೆಸರು, ಗಾಯ, ದೂರದ ಪ್ರಯಾಣ ಎಲ್ಲವನ್ನೂ ತಾಳಿಕೊಳ್ಳಬೇಕು. ಎರಡೂ ಪ್ರಶಸ್ತಿಗಳನ್ನು ಒಂದೇ ಋತುವಿನಲ್ಲಿ ಗೆದ್ದರೆ ಅದನ್ನು ಡಬಲ್ ಎನ್ನುತ್ತಾರೆ. ಪ್ರೆಸ್ಟನ್ 1889ರಲ್ಲಿ ಮೊದಲ ಡಬಲ್ ಗೆದ್ದ ಮೇಲೆ 1897ರಲ್ಲಿ ಆಸ್ಟನ್ ವಿಲ್ಲಾ ಗೆದ್ದಿತು. ಮೂರನೆಯ ಡಬಲ್‌ಗೆ ಇಂಗ್ಲೆಂಡ್ 1961ರವರೆಗೆ, ಟಾಟೆನ್‌ಹ್ಯಾಂ ಹಾಟ್‌ಸ್ಪರ್ ತಂಡದ ಗೆಲುವಿನವರೆಗೆ ಕಾಯಬೇಕಾಯಿತು.

ಹತ್ತಿಯ ಊರು, ಶನಿವಾರದ ಮಧ್ಯಾಹ್ನ

ಪ್ರೆಸ್ಟನ್ ಇರುವುದು ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಶೈರ್‌ನಲ್ಲಿ, ರಿಬಲ್ ನದಿಯ ದಂಡೆಯ ಮೇಲೆ. ನೂಲುವ ಯಂತ್ರದಿಂದ ಹೆಸರಾದ ರಿಚರ್ಡ್ ಆರ್ಕ್‌ರೈಟ್ 1732ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಸುಮಾರು ಒಂದು ಲಕ್ಷ ಜನರಿದ್ದ ಪ್ರೆಸ್ಟನ್‌ನ ಬದುಕೆಲ್ಲ ಹತ್ತಿ ಗಿರಣಿಗಳ ಸುತ್ತಲೇ ತಿರುಗುತ್ತಿತ್ತು. ಈ ಗಿರಣಿಗಳಿಗೂ ನಮ್ಮ ನೆಲಕ್ಕೂ ಒಂದು ಹಳೆಯ ನಂಟಿದೆ. 1861ರಿಂದ ನಾಲ್ಕು ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಬರುವುದು ನಿಂತು ಲ್ಯಾಂಕಶೈರ್‌ನಲ್ಲಿ ಗಿರಣಿಗಳು ಮುಚ್ಚಿ ಕಾರ್ಮಿಕರು ಹಸಿವಿನಿಂದ ನರಳಿದರು. ಆ ಕಾಲದಲ್ಲಿ ಲ್ಯಾಂಕಶೈರ್‌ನ ವ್ಯಾಪಾರಿಗಳು ಕಣ್ಣಿಟ್ಟದ್ದು ಭಾರತದ ಹತ್ತಿಯ ಮೇಲೆ, ಅದರಲ್ಲೂ ಅಮೆರಿಕದ ತಳಿಯನ್ನು ಮೊದಲೇ ತಂದು ಬೆಳೆಸಿದ್ದ ಧಾರವಾಡ ಸೀಮೆಯ ಹತ್ತಿಯ ಮೇಲೆ.

ಫುಟ್‌ಬಾಲ್ ಇಂಥ ಊರುಗಳಲ್ಲಿ ಬೇರುಬಿಟ್ಟದ್ದಕ್ಕೆ ಕಾರಣ ಶನಿವಾರದ ಮಧ್ಯಾಹ್ನ. 1850ರ ಕಾರ್ಖಾನೆ ಕಾಯ್ದೆಯು ಬಟ್ಟೆ ಗಿರಣಿಗಳಲ್ಲಿ ಶನಿವಾರದ ಕೆಲಸವನ್ನು ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಬೇಕೆಂದು ವಿಧಿಸಿತು. ವಾರದ ಕೂಲಿ ಜೇಬಿನಲ್ಲಿದ್ದು, ಅರ್ಧ ದಿನ ಕೈಯಲ್ಲಿದ್ದ ಸಾವಿರಾರು ಗಂಡಸರು ಊರಿನ ಮೈದಾನದ ಕಡೆ ಹೆಜ್ಜೆ ಹಾಕತೊಡಗಿದರು. ಭಾನುವಾರ ಪ್ರಾರ್ಥನೆಯ ದಿನವಾದ್ದರಿಂದ ಅಂದು ಆಟವಿಲ್ಲ. ರೈಲು ಊರಿಂದೂರಿಗೆ ಹರಡಿದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಪಕ್ಕದ ಊರಿಗೆ ಹೋಗಿ ಆಡಿ ಬರುವುದೂ ಸಾಧ್ಯವಾಯಿತು. ಗೇಟಿನಲ್ಲಿ ಪ್ರೇಕ್ಷಕರಿಂದ ಹಣ ಬರತೊಡಗಿತು. ಹಣ ಬಂದೊಡನೆ ಅದು ಯಾರಿಗೆ ಸೇರಬೇಕು ಎಂಬ ಪ್ರಶ್ನೆಯೂ ಹಿಂದೆಯೇ ಬಂತು.

ಪ್ರೆಸ್ಟನ್ ನಾರ್ತ್ ಎಂಡ್ ಹುಟ್ಟಿದ್ದು ಫುಟ್‌ಬಾಲ್‌ಗಾಗಿ ಅಲ್ಲ. 1860ರ ದಶಕದಲ್ಲಿ ಅದೊಂದು ಕ್ರಿಕೆಟ್ ಕ್ಲಬ್. 1875ರಲ್ಲಿ ಕ್ಲಬ್ಬಿನವರು ಊರಿನ ಉತ್ತರದಲ್ಲಿರುವ ಡೀಪ್‌ಡೇಲ್ ಎಂಬ ಹೊಲವನ್ನು ಗುತ್ತಿಗೆಗೆ ಪಡೆದರು. ಚಳಿಗಾಲದಲ್ಲಿ ಕೈಕಾಲು ಆಡಿಸಲೆಂದು ರಗ್ಬಿಯನ್ನು ಪ್ರಯತ್ನಿಸಿ ಬಿಟ್ಟು, 1878ರಲ್ಲಿ ಮೊದಲ ಬಾರಿಗೆ ಫುಟ್‌ಬಾಲ್ ಆಡಿ, 1880ರಲ್ಲಿ ಅದನ್ನೇ ತಮ್ಮ ಆಟವೆಂದು ನಿಶ್ಚಯಿಸಿದರು. ಅಂದರೆ ಇಂಗ್ಲೆಂಡನ್ನು ಆಳಿದ ತಂಡಕ್ಕೆ ಆ ಹೊತ್ತಿಗೆ ಫುಟ್‌ಬಾಲ್ ತಂಡವಾಗಿ ಹತ್ತು ವರ್ಷವೂ ತುಂಬಿರಲಿಲ್ಲ. ಕ್ಲಬ್ ಇವತ್ತಿಗೂ ಅದೇ ಡೀಪ್‌ಡೇಲ್‌ನಲ್ಲಿ ಆಡುತ್ತದೆ.

ಆಟ ಯಾರದ್ದು?

ಮೊದಲ ಹತ್ತು ವರ್ಷ ಎಫ್‌ಎ ಕಪ್ ಶ್ರೀಮಂತರ ಶಾಲೆಗಳಲ್ಲಿ ಓದಿದವರ, ಸೈನ್ಯಾಧಿಕಾರಿಗಳ, ವಿಶ್ವವಿದ್ಯಾಲಯದವರ ಸೊತ್ತಾಗಿತ್ತು. ವಾಂಡರರ್ಸ್, ರಾಯಲ್ ಇಂಜಿನಿಯರ್ಸ್, ಓಲ್ಡ್ ಈಟೋನಿಯನ್ಸ್ ಮುಂತಾದ ತಂಡಗಳೇ ಅದನ್ನು ಹಂಚಿಕೊಂಡವು. ಇವರೆಲ್ಲ ಹವ್ಯಾಸಿಗಳು, ಅಂದರೆ ಆಟದಿಂದ ಒಂದು ಪೈಸೆಯನ್ನೂ ಪಡೆಯದವರು. ಆಟಕ್ಕೆ ಹಣ ಪಡೆಯುವುದು ಅವರ ಕಣ್ಣಿಗೆ ಕೀಳಾಗಿ ಕಾಣುತ್ತಿತ್ತು. ಮನೆಯಲ್ಲಿ ಸಾಕಷ್ಟು ಇದ್ದವರಿಗೆ ಹಾಗೆ ಹೇಳುವುದು ಸುಲಭವಾಗಿತ್ತು. ಗಿರಣಿಯ ನೇಕಾರ ದೂರದ ಊರಿಗೆ ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಹೋಗುತ್ತಿತ್ತು, ಕಾಲು ಮುರಿದರೆ ಮನೆಯ ಒಲೆ ಉರಿಯುವುದು ನಿಲ್ಲುತ್ತಿತ್ತು.

1883ರಲ್ಲಿ ಪ್ರೆಸ್ಟನ್‌ನ ನೆರೆಯ ಬ್ಲ್ಯಾಕ್‌ಬರ್ನ್ ಊರಿನ ಒಲಿಂಪಿಕ್ ಎಂಬ ತಂಡವು ಫೈನಲ್‌ನಲ್ಲಿ ಓಲ್ಡ್ ಈಟೋನಿಯನ್ಸ್ ತಂಡವನ್ನು 2–1ರಿಂದ ಸೋಲಿಸಿತು. ಕಾರ್ಮಿಕರಿದ್ದ ತಂಡವೊಂದು ಕಪ್ ಗೆದ್ದದ್ದು ಅದೇ ಮೊದಲು. ಆ ವರ್ಷದ ನಂತರ ಹಳೆಯ ಶಾಲೆಗಳ ತಂಡಗಳು ಮತ್ತೆ ಕಪ್ ಗೆಲ್ಲಲಿಲ್ಲ.

ಸಡೆಲ್ ಎಂಬ ಗಿರಣಿ ಮ್ಯಾನೇಜರ್

ಪ್ರೆಸ್ಟನ್ ತಂಡವನ್ನು ಕಟ್ಟಿದವರು ವಿಲಿಯಂ ಸಡೆಲ್. ವೃತ್ತಿಯಿಂದ ಹತ್ತಿ ಗಿರಣಿಯ ಮ್ಯಾನೇಜರ್. ಸ್ವಯಂಸೇವಕ ಸೈನ್ಯದಲ್ಲಿದ್ದುದರಿಂದ ಎಲ್ಲರೂ ಮೇಜರ್ ಸಡೆಲ್ ಎಂದೇ ಕರೆಯುತ್ತಿದ್ದರು. ಅವರ ಯೋಚನೆ ನೇರವಾಗಿತ್ತು: ಒಳ್ಳೆಯ ಆಟಗಾರರು ಊರಿನಲ್ಲಿ ಹುಟ್ಟುವವರೆಗೆ ಕಾಯುವ ಬದಲು, ಎಲ್ಲಿದ್ದಾರೋ ಅಲ್ಲಿಂದ ಕರೆತರುವುದು. ಅಂದಿನ ಮಟ್ಟಿಗೆ ಅವರು ಇದ್ದದ್ದು ಸ್ಕಾಟ್‌ಲೆಂಡಿನಲ್ಲಿ.

ಯಕ್ಷಗಾನ ಮೇಳಗಳ ತಿರುಗಾಟವನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಳದ ಯಜಮಾನರು ಒಳ್ಳೆಯ ಭಾಗವತರನ್ನು, ಹೆಸರಾದ ವೇಷಧಾರಿಯನ್ನು ಇನ್ನೊಂದು ಮೇಳದಿಂದ ಮಾತನಾಡಿಸಿ ತಮ್ಮ ಮೇಳಕ್ಕೆ ಕರೆತರುವಂತೆ, ಸಡೆಲ್ ಎಡಿನ್‌ಬರೊ ಮತ್ತು ಗ್ಲಾಸ್ಗೊ ಕಡೆಯ ಆಟಗಾರರನ್ನು ಪ್ರೆಸ್ಟನ್‌ಗೆ ಕರೆತಂದರು. ಸಂಬಳ ಕೊಡುವುದು ನಿಷಿದ್ಧವಾಗಿದ್ದ ಕಾಲವಾದ್ದರಿಂದ, ಬಂದವರಿಗೆ ಊರಿನಲ್ಲಿ ಒಂದು ಕೆಲಸ ಕೊಡಿಸಲಾಗುತ್ತಿತ್ತು. ಕೆಲಸದ ಹೆಸರಿನಲ್ಲಿ ಬರುವ ಹಣದ ಹಿಂದಿನ ನಿಜ ಎಲ್ಲರಿಗೂ ಗೊತ್ತಿತ್ತು.

1883ರಲ್ಲಿ ಹೀಗೆ ಬಂದವರಲ್ಲಿ ಎಡಿನ್‌ಬರೊದ ಹಾರ್ಟ್ಸ್ ತಂಡದ ನಿಕ್ ರಾಸ್ ಒಬ್ಬರು. ಮೊದಲು ಛಾವಣಿಗೆ ಕಲ್ಲುಹಂಚು ಹೊದಿಸುವ ಕೆಲಸ ಮಾಡಿದವರು, ಮುಂದೆ ತಂಡದ ನಾಯಕರಾದರು. ಅವರ ಹಿಂದೆ ತಮ್ಮ ಜಿಮ್ಮಿ ರಾಸ್ ಬಂದರು. ಜಾನ್ ಗೂಡಾಲ್ ಹುಟ್ಟಿದ್ದು ಲಂಡನ್ನಿನಲ್ಲಿ, ತಂದೆತಾಯಿ ಸ್ಕಾಟರು, ಆಟ ಕಲಿತದ್ದು ಸ್ಕಾಟ್‌ಲೆಂಡಿನಲ್ಲಿ, ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಇಂಗ್ಲೆಂಡಿಗಾಗಿ. 1886–87ರಲ್ಲಿ ಗೋಲ್‌ಕೀಪರ್ ಆಗಿ ಆಡಿದ ಆರ್ಥರ್ ವಾರ್ಟನ್ ಹುಟ್ಟಿದ್ದು ಈಗಿನ ಘಾನಾದ ಅಕ್ರಾದಲ್ಲಿ. 1886ರಲ್ಲಿ 100 ಗಜದ ಓಟವನ್ನು 10 ಸೆಕೆಂಡಿನಲ್ಲಿ ಮುಗಿಸಿದ ಓಟಗಾರ ಅವರು. ಮುಂದೆ ವೃತ್ತಿಪರ ಫುಟ್‌ಬಾಲ್‌ಗೆ ಕಾಲಿಟ್ಟ ಮೊದಲ ಕರಿಯ ಆಟಗಾರರೆಂದು ಗುರುತಿಸಲ್ಪಟ್ಟರು. ಲ್ಯಾಂಕಶೈರ್‌ನ ಒಂದು ಗಿರಣಿ ಊರು ತನ್ನ ತಂಡಕ್ಕಾಗಿ ಎಷ್ಟು ದೂರ ಕೈಚಾಚಿತ್ತು ಎಂಬುದಕ್ಕೆ ಇಷ್ಟು ಹೆಸರುಗಳು ಸಾಕು.

ಸ್ಕಾಟರ ಆಟದಲ್ಲಿ ಏನಿತ್ತು?

ಆರಂಭದ ಇಂಗ್ಲಿಷ್ ಆಟದಲ್ಲಿ ಚೆಂಡು ಸಿಕ್ಕವನು ತಲೆ ತಗ್ಗಿಸಿ, ಅದನ್ನು ಕಾಲಿನಲ್ಲೇ ತಳ್ಳಿಕೊಂಡು, ಎದುರಾಳಿಗಳ ಗುಂಪಿಗೆ ಒಬ್ಬನೇ ನುಗ್ಗುತ್ತಿದ್ದ. ಉಳಿದವರು ಅವನ ಬೆನ್ನ ಹಿಂದೆ ಓಡುತ್ತಿದ್ದರು. ಕಬಡ್ಡಿಯಲ್ಲಿ ದಾಳಿಗೆ ಹೋದವನಂತೆ, ಎಲ್ಲವೂ ಅವನೊಬ್ಬನ ಕೆಚ್ಚಿನ ಮೇಲೆ. ಸ್ಕಾಟ್‌ಲೆಂಡಿನವರು, ಮುಖ್ಯವಾಗಿ ಗ್ಲಾಸ್ಗೊದ ಕ್ವೀನ್ಸ್ ಪಾರ್ಕ್ ತಂಡದವರು, ಬೇರೆ ದಾರಿ ಹಿಡಿದರು. ಚೆಂಡನ್ನು ತಾನೇ ಒಯ್ಯುವ ಬದಲು ಜೊತೆಗಾರನಿಗೆ ದಾಟಿಸುವುದು, ದಾಟಿಸಿ ತಾನು ಖಾಲಿ ಜಾಗಕ್ಕೆ ಓಡುವುದು, ಮತ್ತೆ ಪಡೆಯುವುದು. ಮನೆಗೆ ತಾರಸಿ ಹಾಕುವ ದಿನ ಕಾಂಕ್ರೀಟಿನ ಬಾಂಡ್ಲಿ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದವರಿಗೆ ಇದರ ಲಾಭ ವಿವರಿಸಬೇಕಿಲ್ಲ: ಒಬ್ಬನೇ ಹೊತ್ತು ಏಣಿ ಹತ್ತುವುದಕ್ಕಿಂತ ಕೆಲಸ ಬೇಗ ಸಾಗುತ್ತದೆ, ಯಾರೊಬ್ಬರೂ ಬೇಗ ದಣಿಯುವುದಿಲ್ಲ. ಇಂದು ನಾವು ಪಾಸಿಂಗ್ ಎಂದು ಕರೆಯುವ ಆಟದ ಮೂಲ ಇದೇ.

ಅಂದಿನ ಆಫ್‌ಸೈಡ್ ನಿಯಮ ಇಂದಿನದಕ್ಕಿಂತ ಬಿಗಿಯಾಗಿತ್ತು. ಮುಂದೆ ನಿಂತ ಆಟಗಾರನಿಗೆ ಚೆಂಡು ಕೊಡುವ ಹೊತ್ತಿಗೆ ಅವನಿಗೂ ಗೋಲಿನ ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕಿತ್ತು; 1925ರಲ್ಲಿ ಅದು ಇಬ್ಬರಿಗೆ ಇಳಿಯಿತು. ಹಾಗಾಗಿ ಪಾಸ್ ಕೊಡುವವನೂ ಓಡುವವನೂ ಒಬ್ಬರ ಮನಸ್ಸನ್ನು ಒಬ್ಬರು ಅರಿತಿರಬೇಕಿತ್ತು, ಅದು ಬರುವುದು ಒಟ್ಟಿಗೆ ಬಹುಕಾಲ ಆಡಿದಾಗ ಮಾತ್ರ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಪಿರಮಿಡ್ಡಿನಂಥ ಜೋಡಣೆಯಲ್ಲಿ ಪ್ರೆಸ್ಟನ್‌ನವರು ಈ ಆಟವನ್ನು ಪಳಗಿಸಿಕೊಂಡರು. ಸಡೆಲ್ ಚದುರಂಗದ ಕಾಯಿಗಳನ್ನು ಮೇಜಿನ ಮೇಲಿಟ್ಟು ಆಟಗಾರರಿಗೆ ಯಾರು ಯಾವಾಗ ಎಲ್ಲಿ ಇರಬೇಕೆಂದು ತೋರಿಸುತ್ತಿದ್ದರು ಎಂದು ಹೇಳುತ್ತಾರೆ. ಪಂದ್ಯಕ್ಕೆ ಮೊದಲು ಕೂತು ಯೋಚಿಸುವುದು ಇಂದು ಎಲ್ಲ ತಂಡಗಳಿಗೂ ದಿನನಿತ್ಯದ ಮಾತು. ಅಂದು ಅದು ಅಪರೂಪ.

ಇದರ ಪರಿಣಾಮ ಎಷ್ಟು ತೀವ್ರವಾಗಿತ್ತೆಂದರೆ, 1887ರ ಅಕ್ಟೋಬರ್ 15ರಂದು ಡೀಪ್‌ಡೇಲ್‌ನಲ್ಲಿ ನಡೆದ ಎಫ್‌ಎ ಕಪ್ ಪಂದ್ಯದಲ್ಲಿ ಪ್ರೆಸ್ಟನ್ ತಂಡ ಹೈಡ್ ತಂಡದ ಎದುರು 26–0ರಿಂದ ಗೆದ್ದಿತು. 90 ನಿಮಿಷದಲ್ಲಿ 26 ಗೋಲೆಂದರೆ ಮೂರೂವರೆ ನಿಮಿಷಕ್ಕೊಂದು. ಆ ಕಪ್ಪಿನ ಇತಿಹಾಸದಲ್ಲಿ ಇಷ್ಟು ಅಂತರದ ಗೆಲುವು ಮತ್ತೆ ಬಂದಿಲ್ಲ.

ಸಂಬಳದ ಜಗಳ

ಈ ಜಗಳ ಬೀದಿಗೆ ಬಂದದ್ದು 1884ರ ಜನವರಿಯಲ್ಲಿ. ಲಂಡನ್ನಿನ ಹವ್ಯಾಸಿ ತಂಡವಾದ ಅಪ್ಟನ್ ಪಾರ್ಕ್, ಕಪ್ ಪಂದ್ಯಕ್ಕಾಗಿ ಡೀಪ್‌ಡೇಲ್‌ಗೆ ಬಂದು 1–1ರಿಂದ ಡ್ರಾ ಮಾಡಿಕೊಂಡಿತು. ಆಮೇಲೆ, ಪ್ರೆಸ್ಟನ್‌ನವರು ಹಣ ಕೊಟ್ಟು ಆಡಿಸುತ್ತಿದ್ದಾರೆ ಎಂಬ ದೂರು ಹೋಯಿತು. ನಮ್ಮ ಕಬಡ್ಡಿ ಟೂರ್ನಿಗಳಲ್ಲೂ ಇಂಥ ಮಾತು ಕೇಳದವರು ಯಾರು? ಊರಿನ ತಂಡವೆಂದು ಹೆಸರು ಕೊಟ್ಟು ಹೊರಗಿನ ಹುರಿಯಾಳುಗಳನ್ನು ಕಣಕ್ಕಿಳಿಸಿದ್ದಾರೆಂಬ ತಕರಾರು ಬಂದಾಗ ಸಾಮಾನ್ಯವಾಗಿ ಎಲ್ಲರೂ ಇಲ್ಲವೆನ್ನುತ್ತಾರೆ.

ಸಡೆಲ್ ಇಲ್ಲವೆನ್ನಲಿಲ್ಲ. ಹೊರಗಿನಿಂದ ಆಟಗಾರರನ್ನು ಕರೆತಂದು ಕೆಲಸ ಕೊಡಿಸಿರುವುದು ನಿಜ, ಲ್ಯಾಂಕಶೈರ್‌ನ ದೊಡ್ಡ ತಂಡಗಳೆಲ್ಲ ಮಾಡುತ್ತಿರುವುದೂ ಇದನ್ನೇ ಎಂದು ಎಫ್‌ಎ ಮುಂದೆ ಒಪ್ಪಿಕೊಂಡರು. ಪ್ರೆಸ್ಟನ್ ತಂಡವನ್ನು ಆ ವರ್ಷದ ಕಪ್‌ನಿಂದ ಹೊರಹಾಕಲಾಯಿತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವೆನಿಸುವ ಗಳಿಗೆ ಇದು, ಮುಂದಿನ ಫೈನಲ್‌ಗಿಂತಲೂ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿಯನ್ನು ಒಬ್ಬರು ಬಹಿರಂಗವಾಗಿ ಹೇಳಿದ ಮೇಲೆ ಅದನ್ನು ಮತ್ತೆ ಮುಚ್ಚಿಡಲು ಸಾಧ್ಯವಾಗಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಮೂವತ್ತಕ್ಕೂ ಹೆಚ್ಚು ಕ್ಲಬ್ಬುಗಳು ಪ್ರೆಸ್ಟನ್‌ನ ಜೊತೆ ನಿಂತು, ನಿಯಮ ಬದಲಾಗದಿದ್ದರೆ ಬೇರೆಯೇ ಸಂಸ್ಥೆ ಕಟ್ಟುತ್ತೇವೆ ಎಂದು ಎಚ್ಚರಿಸಿದವು. ಆಟ ಎರಡಾಗಿ ಒಡೆಯುವ ಭಯಕ್ಕೆ ಎಫ್‌ಎ ಮಣಿಯಿತು. 1885ರ ಜುಲೈ 20ರಂದು ವೃತ್ತಿಪರ ಆಟಕ್ಕೆ ಒಪ್ಪಿಗೆ ದೊರೆಯಿತು. ಆದರೂ ಒಂದು ಷರತ್ತು ಇತ್ತು: ಕಪ್ ಪಂದ್ಯದಲ್ಲಿ ಆಡುವ ವೃತ್ತಿಪರ ಆಟಗಾರನು ಕ್ಲಬ್ಬಿನ ಮೈದಾನದಿಂದ 6 ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲವೇ ಎರಡು ವರ್ಷ ಅಲ್ಲಿ ವಾಸಿಸಿರಬೇಕು. ವರ್ಷಗಳ ಹಿಂದೆಯೇ ಆಟಗಾರರನ್ನು ತಂದು ಊರಿನಲ್ಲಿ ನೆಲೆಗೊಳಿಸಿದ್ದ ಪ್ರೆಸ್ಟನ್‌ಗೆ ಈ ಷರತ್ತಿನಿಂದ ಹೆಚ್ಚು ತೊಂದರೆಯಾಗಲಿಲ್ಲ.

ಲೀಗ್ ಏಕೆ ಬೇಕಾಯಿತು?

ಸಂಬಳ ಎಂದ ಮೇಲೆ ಅದನ್ನು ವಾರವಾರ ಕೊಡಬೇಕು. ಆದರೆ ಆದಾಯ ವಾರವಾರ ಬರುತ್ತಿರಲಿಲ್ಲ. ಕಪ್ ಪಂದ್ಯಗಳನ್ನು ಬಿಟ್ಟರೆ ಉಳಿದವೆಲ್ಲ ಸೌಹಾರ್ದ ಪಂದ್ಯಗಳು. ಎದುರಾಳಿ ತಂಡಕ್ಕೆ ಅದೇ ದಿನ ಕಪ್ ಪಂದ್ಯ ಬಿದ್ದರೆ ಇವರದ್ದು ರದ್ದು, ಅಥವಾ ಬಂದವರು ದುರ್ಬಲರಾದರೆ ಜನ ಬರುವುದಿಲ್ಲ. ಈ ಗೊಂದಲಕ್ಕೆ ಪರಿಹಾರ ಹುಡುಕಿದವರು ಬರ್ಮಿಂಗ್‌ಹ್ಯಾಂನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಆಸ್ಟನ್ ವಿಲ್ಲಾ ಕ್ಲಬ್ಬಿನ ಸಮಿತಿಯಲ್ಲಿದ್ದ ಸ್ಕಾಟ್‌ಲೆಂಡ್ ಮೂಲದ ವಿಲಿಯಂ ಮೆಕ್‌ಗ್ರೆಗರ್. 1888ರ ಮಾರ್ಚ್ 2ರಂದು ಅವರು ಪ್ರೆಸ್ಟನ್ ಸೇರಿದಂತೆ ಕೆಲವು ಕ್ಲಬ್ಬುಗಳಿಗೆ ಪತ್ರ ಬರೆದು, ಹತ್ತು-ಹನ್ನೆರಡು ಪ್ರಮುಖ ತಂಡಗಳು ಸೇರಿ ವರ್ಷಕ್ಕೆ ನಿಶ್ಚಿತ ಪಂದ್ಯಗಳನ್ನು ಪರಸ್ಪರ ಆಡಲು ಒಪ್ಪಂದ ಮಾಡಿಕೊಳ್ಳೋಣವೆಂದು ಸೂಚಿಸಿದರು. ಏಪ್ರಿಲ್ 17ರಂದು ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. ಸೇರಿದ 12 ತಂಡಗಳಲ್ಲಿ ಆರು ಲ್ಯಾಂಕಶೈರ್‌ನವು, ಆರು ನಡುನಾಡಿನವು. ಲಂಡನ್ನಿನದ್ದು ಒಂದೂ ಇರಲಿಲ್ಲ. ಇಂದು ಜಗತ್ತಿನಾದ್ಯಂತ ಕಾಣುವ ಫುಟ್‌ಬಾಲ್ ಲೀಗ್‌ಗಳ ಮಾದರಿ ಇದೇ.

ಅದೇ 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಆರಂಭವಾಯಿತು. 2022ರಲ್ಲಿ ಬೆಂಗಳೂರು ಎಫ್‌ಸಿ ಗೆದ್ದ ಆ ಕಪ್ ಇಂಗ್ಲೆಂಡಿನ ಲೀಗ್‌ನ ಓರಗೆಯದ್ದು.

ಗೆಲ್ಲುವ ಮೊದಲೇ ಕೇಳಿದ ಫೋಟೊ

ಲೀಗ್ ರೂಪುಗೊಳ್ಳುತ್ತಿದ್ದ ಹೊತ್ತಿನಲ್ಲೇ ಪ್ರೆಸ್ಟನ್‌ಗೆ ಒಂದು ಕಹಿ ಅನುಭವವಾಯಿತು. 1888ರ ಮಾರ್ಚ್ 24ರಂದು ಲಂಡನ್ನಿನ ಕೆನಿಂಗ್ಟನ್ ಓವಲ್‌ನಲ್ಲಿ ಕಪ್ ಫೈನಲ್. ಎದುರಾಳಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್. ಆಟ ಮುಗಿದ ಮೇಲೆ ಬಟ್ಟೆ ಕೊಳೆಯಾಗಿರುತ್ತದೆ, ಅದಕ್ಕೆ ಮೊದಲೇ ಕಪ್ ಜೊತೆ ಫೋಟೊ ತೆಗೆಸಿಕೊಳ್ಳಬಹುದೇ ಎಂದು ಪ್ರೆಸ್ಟನ್‌ನವರು ಕೇಳಿದರೆಂದೂ, ರೆಫರಿ ಮೇಜರ್ ಮಾರಿಂಡಿನ್ ಮೊದಲು ಗೆದ್ದು ಬನ್ನಿ ಎಂದರೆಂದೂ ಕಥೆಯೊಂದು ಅಂದಿನಿಂದ ಉಳಿದು ಬಂದಿದೆ. ಪ್ರೆಸ್ಟನ್ 2–1ರಿಂದ ಸೋತಿತು. ಮುಂದಿನ ವರ್ಷದ ಛಲಕ್ಕೆ ಈ ಸೋಲೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಅಂದಿನ ಮೈದಾನದಲ್ಲಿ ನಿಂತು ನೋಡಿದರೆ

1888ರ ಪಂದ್ಯವೊಂದಕ್ಕೆ ಇಂದಿನ ನೋಡುಗರು ಹೋಗಿದ್ದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಗೋಲುಗಂಬಗಳ ಹಿಂದಿನ ಖಾಲಿ ಜಾಗ. ಬಲೆ ಇರಲಿಲ್ಲ. ವೇಗವಾಗಿ ಬಂದ ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದಲೋ ಎಂದು ವಾಗ್ವಾದ ನಡೆಯುತ್ತಿತ್ತು. ಲಿವರ್‌ಪೂಲ್‌ನ ಇಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ ಬಲೆಯನ್ನು ರೂಪಿಸಿ, ಅದು ಬಳಕೆಗೆ ಬಂದದ್ದು 1891ರಲ್ಲಿ. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ಮೈದಾನದೊಳಗೆ ತೀರ್ಪು ಕೊಡುತ್ತಿದ್ದವರು ಎರಡೂ ತಂಡಗಳ ಪರವಾಗಿ ಒಬ್ಬೊಬ್ಬರಂತೆ ಇದ್ದ ಇಬ್ಬರು ಅಂಪೈರುಗಳು. ಅವರಿಬ್ಬರೂ ಒಪ್ಪದಿದ್ದಾಗ ಮಾತ್ರ ಗೆರೆಯಾಚೆ ನಿಂತ ರೆಫರಿಯನ್ನು ಕೇಳುತ್ತಿದ್ದರು. ಕ್ರಿಕೆಟ್‌ನಲ್ಲಿ ಇಂದಿಗೂ ಇರುವಂತೆ, ಆಟಗಾರರು ಅಪೀಲು ಮಾಡಿದರೆ ಮಾತ್ರ ತೀರ್ಪು.

ಗೋಲ್‌ಕೀಪರ್ ಉಳಿದವರಂತೆಯೇ ಅಂಗಿ ತೊಡುತ್ತಿದ್ದ, ಭುಜಕ್ಕೆ ಭುಜ ಕೊಟ್ಟು ಅವನನ್ನು ಚೆಂಡಿನ ಸಮೇತ ಗೋಲಿನೊಳಕ್ಕೆ ತಳ್ಳಿದರೂ ತಪ್ಪಾಗುತ್ತಿರಲಿಲ್ಲ. ಬದಲಿ ಆಟಗಾರರಿರಲಿಲ್ಲ, ಯಾರಾದರೂ ಬಿದ್ದರೆ ಉಳಿದ ಹತ್ತು ಮಂದಿಯೇ ಆಡಬೇಕು. ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಇಂಥ ಆಟದಲ್ಲಿ 22 ಪಂದ್ಯಗಳನ್ನು ಸೋಲದೆ ಮುಗಿಸುವುದೆಂದರೆ ಚಳಿಗಾಲದ ಕೆಸರನ್ನೂ ಸೋಲಿಸಿದಂತೆ.

ಆ ಋತು

1888ರ ಸೆಪ್ಟೆಂಬರ್ 8ರ ಶನಿವಾರ ಲೀಗ್‌ನ ಮೊದಲ ಪಂದ್ಯಗಳು ನಡೆದವು. ಡೀಪ್‌ಡೇಲ್‌ನಲ್ಲಿ ಪ್ರೆಸ್ಟನ್ ಬರ್ನ್ಲಿ ತಂಡವನ್ನು 5–2ರಿಂದ ಸೋಲಿಸಿತು. ಆಟ ಶುರುವಾದಾಗ ಅಂಕಗಳನ್ನು ಹೇಗೆ ಕೊಡುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಗೆಲುವಿಗೆ 2, ಡ್ರಾಗೆ 1 ಎಂಬ ನಿಯಮ ಖಚಿತವಾದದ್ದು ನವೆಂಬರ್‌ನಲ್ಲಿ. ಹೊಸ ವ್ಯವಸ್ಥೆ ಎಷ್ಟು ಹೊಸದಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರೆಸ್ಟನ್‌ನ ಲೆಕ್ಕ ಹೀಗಿತ್ತು: 22 ಪಂದ್ಯ, 18 ಗೆಲುವು, 4 ಡ್ರಾ. ಹೊಡೆದ ಗೋಲು 74, ಬಿಟ್ಟುಕೊಟ್ಟದ್ದು 15. ಅಂಕ 40. ಎರಡನೆಯ ಸ್ಥಾನದ ಆಸ್ಟನ್ ವಿಲ್ಲಾಕ್ಕೆ ಸಿಕ್ಕಿದ್ದು 29. ತವರಿನ 11 ಪಂದ್ಯಗಳಲ್ಲಿ 10 ಗೆದ್ದದ್ದಕ್ಕಿಂತಲೂ ಹೊರಗಿನ 11ರಲ್ಲಿ 8 ಗೆದ್ದು 3 ಡ್ರಾ ಮಾಡಿಕೊಂಡದ್ದೇ ದೊಡ್ಡದು; ಎದುರಾಳಿಗಳ ಊರಿನಲ್ಲಿ ಅಂಪೈರರಲ್ಲಿ ಒಬ್ಬರೂ ಪ್ರೇಕ್ಷಕರೆಲ್ಲರೂ ಅವರ ಕಡೆಯವರೇ ಆಗಿದ್ದರು. ಗೂಡಾಲ್ ಮತ್ತು ಜಿಮ್ಮಿ ರಾಸ್ ಇಬ್ಬರೇ ಸೇರಿ ತಂಡದ ಅರ್ಧದಷ್ಟು ಗೋಲುಗಳನ್ನು ಹೊಡೆದರು.

ಕಪ್‌ನ ದಾಖಲೆ ಇನ್ನೂ ಅಚ್ಚರಿಯದು. ಬೂಟ್ಲ್ ಎದುರು 3–0, ಗ್ರಿಮ್ಸ್‌ಬಿ ಎದುರು 2–0, ಬರ್ಮಿಂಗ್‌ಹ್ಯಾಂ ಸೇಂಟ್ ಜಾರ್ಜಸ್ ಎದುರು 2–0, ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷ ಸೋಲಿಸಿದ್ದ ಅದೇ ವೆಸ್ಟ್ ಬ್ರಾಮಿಚ್ ಎದುರು 1–0. 1889ರ ಮಾರ್ಚ್ 30ರಂದು ಓವಲ್‌ನಲ್ಲಿ ಸುಮಾರು 22,000 ಪ್ರೇಕ್ಷಕರ ಮುಂದೆ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಎದುರಿನ ಫೈನಲ್. ರೆಫರಿ ಮತ್ತೆ ಮೇಜರ್ ಮಾರಿಂಡಿನ್. ಫ್ರೆಡ್ ಡ್ಯೂಹರ್ಸ್ಟ್, ಜಿಮ್ಮಿ ರಾಸ್ ಮತ್ತು ಸ್ಯಾಮ್ಯುಯೆಲ್ ಥಾಮ್ಸನ್ ಒಂದೊಂದು ಗೋಲು ಹೊಡೆದು 3–0. ಐದು ಕಪ್ ಪಂದ್ಯಗಳಲ್ಲಿ ಪ್ರೆಸ್ಟನ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಲೀಗ್, ಕಪ್ ಸೇರಿ 27 ಪಂದ್ಯ, ಒಂದೂ ಸೋಲಿಲ್ಲ. ಹಾಗಾಗಿಯೇ ಆ ತಂಡಕ್ಕೆ ಇನ್ವಿನ್ಸಿಬಲ್ಸ್, ಅಂದರೆ ಅಜೇಯರು ಎಂಬ ಹೆಸರು ನಿಂತಿತು.

ಫೈನಲ್ ಆಡಿದ ಹನ್ನೊಂದು ಮಂದಿಯಲ್ಲಿ ಆರು ಜನ ಸ್ಕಾಟರು, ಸ್ಕಾಟ್ ತಂದೆತಾಯಿಯ ಗೂಡಾಲ್ ಬೇರೆ. ಪ್ರೆಸ್ಟನ್‌ನವರು ಮೂವರೇ. ಎಲ್ಲರೂ ಆಟದಿಂದಲೇ ಹೊಟ್ಟೆ ಹೊರೆಯುವವರೂ ಆಗಿರಲಿಲ್ಲ: ಡ್ಯೂಹರ್ಸ್ಟ್ ಶಾಲಾ ಮೇಷ್ಟರು, ಅಂದು ಗೋಲು ಕಾದ ವೇಲ್ಸ್‌ನ ರಾಬರ್ಟ್ ಮಿಲ್ಸ್-ರಾಬರ್ಟ್ಸ್ ವೈದ್ಯರು. ಲೀಗ್‌ನ ಬಹುಪಾಲು ಪಂದ್ಯಗಳಲ್ಲಿ ಗೋಲು ಕಾದವರು ವೇಲ್ಸ್‌ನವರೇ ಆದ ಜಿಮ್ಮಿ ಟ್ರೇನರ್.

ಒಬ್ಬರು ಮಾತ್ರ ಅಲ್ಲಿರಲಿಲ್ಲ. ತಂಡವನ್ನು ವರ್ಷಗಟ್ಟಲೆ ಮುನ್ನಡೆಸಿದ ನಿಕ್ ರಾಸ್ 1888ರಲ್ಲಿ ಎವರ್ಟನ್ ತಂಡಕ್ಕೆ ಹೋಗಿದ್ದರು. 1889ರಲ್ಲಿ ಮರಳಿ ಬಂದರು. ತಮ್ಮ ಗೆದ್ದ ಡಬಲ್ ಅಣ್ಣನಿಗೆ ಸಿಗಲಿಲ್ಲ. ಕ್ಷಯರೋಗ ಅವರನ್ನು 1894ರಲ್ಲಿ, 31ನೆಯ ವಯಸ್ಸಿನಲ್ಲಿ ಕೊಂಡೊಯ್ದಿತು. ಈ ತಂಡದ ಹೆಸರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವವರು ಅವರು.

ಮತ್ತೆ ಏಕೆ ಆಗಲಿಲ್ಲ?

1889–90ರಲ್ಲೂ ಪ್ರೆಸ್ಟನ್ ಲೀಗ್ ಗೆದ್ದಿತು, ಆದರೆ ಈ ಬಾರಿ ನಾಲ್ಕು ಪಂದ್ಯ ಸೋತು, ಎವರ್ಟನ್‌ಗಿಂತ ಕೇವಲ 2 ಅಂಕ ಮುಂದಿದ್ದು. ಮುಂದಿನ ಮೂರು ವರ್ಷ ಸತತವಾಗಿ ಎರಡನೆಯ ಸ್ಥಾನ. ಆಮೇಲೆ ಇಳಿಜಾರು.

ಪ್ರೆಸ್ಟನ್‌ನ ಮೇಲುಗೈಗೆ ಕಾರಣ ಅದು ಉಳಿದವರಿಗಿಂತ ಕೆಲವು ವರ್ಷ ಮೊದಲೇ ಶುರುಮಾಡಿದ್ದು. ಸಂಬಳ ಕಾನೂನುಬದ್ಧವಾದ ಮೇಲೆ ಎಲ್ಲ ಕ್ಲಬ್ಬುಗಳೂ ಸ್ಕಾಟ್‌ಲೆಂಡಿನ ರೈಲು ಹತ್ತಿದವು. ಲೀಗ್ ಎಲ್ಲರಿಗೂ ನಿಶ್ಚಿತ ಆದಾಯ ತಂದಿತು; ಆಗ ದೊಡ್ಡ ಜನಸಂಖ್ಯೆಯ ನಗರಗಳ ತಂಡಗಳಿಗೆ ಹೆಚ್ಚು ಪ್ರೇಕ್ಷಕರು, ಹೆಚ್ಚು ಪ್ರೇಕ್ಷಕರಿಂದ ಹೆಚ್ಚು ಹಣ, ಹೆಚ್ಚು ಹಣದಿಂದ ಒಳ್ಳೆಯ ಆಟಗಾರರು. ಗೂಡಾಲ್ 1889ರಲ್ಲೇ ಡಾರ್ಬಿ ಕೌಂಟಿಗೆ ಹೋದರು. 1891ರಲ್ಲಿ ಎವರ್ಟನ್, ನಂತರ ಸಂಡರ್‌ಲೆಂಡ್, ಆಮೇಲೆ ಆಸ್ಟನ್ ವಿಲ್ಲಾ ಚಾಂಪಿಯನ್ ಆದವು. ಸಂಡರ್‌ಲೆಂಡ್ ಕೂಡ ಸ್ಕಾಟರಿಂದಲೇ ತುಂಬಿದ್ದ ತಂಡ. ಸಡೆಲ್ ಯಾವ ದಾರಿಗಾಗಿ ಹೋರಾಡಿ ಗೆದ್ದರೋ ಆ ದಾರಿಯಲ್ಲಿ ಉಳಿದವರು ಅವರನ್ನೇ ದಾಟಿ ನಡೆದರು.

ಆ ಹಣ ಬಂದದ್ದೆಲ್ಲಿಂದ?

ಒಂದು ಲಕ್ಷ ಜನರ ಊರಿನ ಗೇಟಿನ ಹಣದಲ್ಲಿ ಅಂಥ ತಂಡವನ್ನು ಸಾಕಲು ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಡವಾಗಿ. 1893ರಲ್ಲಿ ಕ್ಲಬ್ ಷೇರುದಾರರ ಕಂಪನಿಯಾಯಿತು, ಸಡೆಲ್ ಅವರ ಒಬ್ಬಂಟಿ ಆಡಳಿತ ಕೊನೆಗೊಂಡಿತು. 1895ರಲ್ಲಿ ಅವರು ತಾವು ನೋಡಿಕೊಳ್ಳುತ್ತಿದ್ದ ಗಿರಣಿಯ ಲೆಕ್ಕದಲ್ಲಿ 5,000 ಪೌಂಡ್‌ಗೂ ಹೆಚ್ಚು ಹಣ ದುರುಪಯೋಗ ಮಾಡಿದ ಅಪರಾಧಕ್ಕೆ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಸಾಬೀತಾಯಿತು. ತಂಡಕ್ಕಾಗಿ ಆದ ಖರ್ಚು ಆ ಹಣದಲ್ಲಿ ಸೇರಿತ್ತು. ಮೂರು ವರ್ಷದ ಸೆರೆವಾಸ. ಬಿಡುಗಡೆಯಾದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕ್ರೀಡಾ ವರದಿಗಾರರಾಗಿ ಕೆಲಸ ಮಾಡಿ, 1911ರಲ್ಲಿ ಕೇಪ್‌ಟೌನ್‌ನಲ್ಲಿ ತೀರಿಕೊಂಡರು.

ಪ್ರೆಸ್ಟನ್ ನಾರ್ತ್ ಎಂಡ್ 1938ರಲ್ಲಿ ಇನ್ನೊಮ್ಮೆ ಎಫ್‌ಎ ಕಪ್ ಗೆದ್ದಿತು. ಲೀಗ್ ಚಾಂಪಿಯನ್ ಆದದ್ದು ಮಾತ್ರ 1890ರಲ್ಲೇ ಕೊನೆ.